ಎಲ್ಲಕ್ಕಿಂತ ದೊಡ್ಡ ಭರತಿ

ಗಣೇಶ ಚೌತಿಯೊಳಗೆ ನೌಕರಿ ಹಿಡಿಯದಿದ್ದರೆ ವಸಂತ ತನ್ನ ಹೆಂಡತಿಯ ಅಣ್ಣನ ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂರಬೇಕು ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಸೊಸೆ ಜಯಲತಾ. ವಸಂತಕುಮಾರ ನನ್ನ ಮಗ. ಅವನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದಳು, ಉತ್ತರಕ್ಕೆ ನಿಲ್ಲಲಿಲ್ಲ.

ವಸಂತ ಠಾಣೆ ಪಟ್ಟಣದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪನಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ. ಕಂಪನಿ ಗುಜರಾತಿಗೆ ಹೋಯಿತು. ಮಷಿನುಗಳನ್ನು ಕರೆದುಕೊಂಡು ಹೋದರು, ಇವನನ್ನು ಬಿಟ್ಟು ಹೋದರು. ಕಳೆದ ದೀಪಾವಳಿಯಿಂದ ಮನೆಯಲ್ಲೇ ಇದ್ದ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಸೋಫಾದ ಮೇಲೆ ಡ್ಯೂಟಿಗೆ ಕೂತ ಹಾಗೆ ಕೂರುತ್ತಿದ್ದ. ಊಟಕ್ಕೆ ಏಳುತ್ತಿದ್ದ. ಸಂಜೆಯಾಗುವಾಗ ನಿಜವಾಗಿಯೂ ಸುಸ್ತಾಗಿರುತ್ತಿದ್ದ.

ಅವನ ಭಾವ ಪ್ರೇಮನಾಥನಿಗೆ ವಿಠ್ಠಲವಾಡಿ ಸ್ಟೇಷನ್ನಿನ ಎದುರು ಹೋಟೆಲು ಉಂಟು. ಚೆನ್ನಾಗಿ ನಡೆಯುತ್ತದೆ. "ವಸಂತನನ್ನು ಕಳಿಸು ಮಾರಾಯ್ತಿ, ಗಲ್ಲಾಕ್ಕೆ ನಂಬಿಕೆಯ ಜನ ಬೇಕು" ಎಂದು ಅವನು ತಂಗಿಗೆ ಫೋನಿನಲ್ಲಿ ಹೇಳುತ್ತಲೇ ಇದ್ದ. ಅವನು ಫೋನಿನಲ್ಲಿ ಹೇಳಿದ್ದು ನಮ್ಮ ಪಕ್ಕದ ಮನೆಯವರಿಗೂ ಕೇಳುತ್ತದೆ. ಒಳಗಿನ ಅಡುಗೆಮನೆಗೆ ಮುಟ್ಟುವಂತೆ ಕೂಗಿ ಕೂಗಿ ಹೋಟೆಲಿನವರ ಸ್ವರ ಸಣ್ಣದಾಗುವುದನ್ನೇ ಮರೆತಿರುತ್ತದೆ.

"ನಾನು ಆಫೀಸಿನವ. ಭಾವ 'ಏ ವಸಂತಾ, ಚಿಲ್ಲರೆ!' ಅಂತ ಕರೆದಾಗ ಎದ್ದು ನಿಲ್ಲುವುದಕ್ಕಿಂತ ಖಾಡಿಗೆ ಹಾರುವುದು ವಾಸಿ" ಎಂದ ವಸಂತ.

"ಖಾಡಿಗೆ ಹಾರಿದರೆ ಏನೂ ಆಗುವುದಿಲ್ಲ" ಎಂದಳು ಜಯಲತಾ. "ಬರೀ ಕೆಸರು. ಸೊಂಟದವರೆಗೆ ಹೂತು ನಿಂತಿರ್ತೀರಿ. ಮತ್ತೆ ನಾನೇ ಬಂದು ಎಳೀಬೇಕು."

ಖಾಡಿ ಎಂದರೆ ನಮ್ಮ ಠಾಣೆಯ ಕಡೆ ಸಮುದ್ರ ಊರೊಳಗೆ ತೂರಿಸಿದ ನಾಲಿಗೆ. ಅದಕ್ಕೆ ಸೇರುವ ಒಂದು ಸಣ್ಣ ನೀರು ನಮ್ಮ ಬಿಲ್ಡಿಂಗಿನ ಹಿಂದೆಯೇ ಹರಿಯುತ್ತದೆ. ಏವೂರ್ ಗುಡ್ಡದಲ್ಲಿ ಹುಟ್ಟುವಾಗ ಅದಕ್ಕೆ ಝರಾ ಎಂದು ಹೆಸರು, ಜನ ಅಲ್ಲಿ ಪಿಕ್ನಿಕ್ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ವಾಗ್ಳೆ ಎಸ್ಟೇಟ್ ದಾಟುವಾಗ ನಾಲಾ. ನಮ್ಮ ಹಿತ್ತಿಲಿಗೆ ಬರುವಾಗ ಗಟಾರ, ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ರೈಲು ಹಳಿಯ ಅಡಿಯಿಂದ ಆಚೆ ಹೋಗಿ ಉಪ್ಪುನೀರು ಮುಟ್ಟಿದ ಕೂಡಲೇ ಮತ್ತೆ ಮರ್ಯಾದೆ ಬರುತ್ತದೆ, ಖಾಡಿ ಎನ್ನುತ್ತಾರೆ, ಅದರ ಕಡೆಗೆ ಮುಖ ಮಾಡಿದ ಫ್ಲ್ಯಾಟಿಗೆ ಹೆಚ್ಚು ದುಡ್ಡು ಕೇಳುತ್ತಾರೆ. ಹುಟ್ಟುವಾಗಲೂ ಸಾಯುವಾಗಲೂ ಗೌರವ, ನಡುವೆ ಬದುಕಿರುವಾಗ ಮಾತ್ರ ಬೈಗುಳ. ಮನುಷ್ಯರಿಗಿಂತ ಏನೂ ಬೇರೆಯಲ್ಲ.

ಆಷಾಢ ಕಳೆದ ಮೇಲೆ ಒಂದು ದಿನ ನಾಲಾದ ಸೇತುವೆಯ ಮೇಲೆ ಬೂತಾಯಿ ಮೀನು ಚೌಕಾಸಿ ಮಾಡುತ್ತಿದ್ದೆ. ಮೀನಿನವಳ ತಲೆಯ ಮೇಲೆ ಹೊಸ ಬ್ಯಾನರ್ ಕಂಡಿತು, ಮರಾಠಿಯಲ್ಲಿ. ನಾನು ದೇವನಾಗರಿ ಕಲಿತದ್ದು ರಾತ್ರಿ ಶಾಲೆಯಲ್ಲಿ. ಅದಕ್ಕೇ ಒಂದೊಂದೇ ಅಕ್ಷರ ಹಿಡಿದು ಓದುತ್ತೇನೆ. ಓಡಿಸಿಕೊಂಡು ಓದುವವರಿಗೆ ತಪ್ಪಾಗುತ್ತದೆ, ನನಗಾಗುವುದಿಲ್ಲ. ಬರೆದದ್ದು ಇಷ್ಟು: ವರ್ಷದ ಎಲ್ಲಕ್ಕಿಂತ ದೊಡ್ಡ ಭರತಿ. ಶನಿವಾರ ಮಧ್ಯಾಹ್ನ. ವಿಸರ್ಜನ ಘಾಟ್. ಎಲ್ಲರೂ ಬರಬೇಕು. ಕೆಳಗೆ, ಖಾಡಿ ಮಿತ್ರ ಮಂಡಳ.

ಭರತಿ! ನಮ್ಮಲ್ಲಿ ಹುದ್ದೆ ಭರ್ತಿ ಮಾಡುವುದು ಎನ್ನುವುದಿಲ್ಲವೇ, ಅದೇ. ಆದರೂ ಖಚಿತ ಮಾಡಿಕೊಳ್ಳೋಣ ಎಂದು ಮನೆಗೆ ಬಂದು ಮೊಮ್ಮಗಳನ್ನು ಕೇಳಿದೆ. ಅನಘ ಇಲ್ಲೇ ಹುಟ್ಟಿದವಳು, ಮರಾಠಿ ಶಾಲೆಯಲ್ಲಿ ಓದಿದವಳು, ಈಗ ಕಾಲೇಜು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ಅನಘ, ಮರಾಠಿಯಲ್ಲಿ ಭರತಿ ಅಂದರೆ ಎಂತ ಮಗಾ?"

"ರಿಕ್ರೂಟ್‌ಮೆಂಟ್, ಅಜ್ಜಿ. ಪೊಲೀಸ್ ಭರತಿ ಹೋತಾ ಹೈ ನಾ, ವೈಸಾ." ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಮೋಠೀ ಭರತಿ?"

"ಬಡಾ ವಾಲಾ."

ಇನ್ನೇನು ಬೇಕು? ವಸಂತನನ್ನು ಸೋಫಾದಿಂದ ಎಬ್ಬಿಸಿದೆ. ಅವನಿಗೆ ಒಂದೇ ಅನುಮಾನ. "ಖಾಡಿ ಮಂಡಳ ಅಂತ ಒಂದು ಉಂಟಾ ಅಮ್ಮ?"

"ವಿದ್ಯುತ್ತಿಗೆ ಮಂಡಳ ಉಂಟು, ಪರೀಕ್ಷೆಗೆ ಮಂಡಳ ಉಂಟು, ಖಾಡಿಗೆ ಯಾಕಿರಬಾರದು? ಮಂಡಳ ಅಂದಮೇಲೆ ಸರ್ಕಾರದ್ದೇ."

ಸರ್ಕಾರಿ ಎನ್ನುವ ಶಬ್ದ ಕೇಳಿ ಜಯಲತಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಇದು ಸಿಕ್ಕಿದರೆ ವಿಠ್ಠಲವಾಡಿ ಬೇಡ. ಸಿಗದಿದ್ದರೆ ಚೌತಿಯ ಮರುದಿನ ಮೊದಲ ಲೋಕಲ್" ಎಂದಳು. ವಸಂತ ಆ ಸಂಜೆಯೇ ಸರ್ಟಿಫಿಕೇಟುಗಳ ಝೆರಾಕ್ಸ್ ತೆಗೆಸಿದ. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಕಂಡಿತು.

ಯಾರಿಗೂ ಹೇಳಬಾರದು ಎಂದು ಮನೆಯಲ್ಲಿ ಮಾತಾಗಿತ್ತು. ವಸಂತ ಒಬ್ಬನೇ ಒಬ್ಬನಿಗೆ ಹೇಳಿದ, ಹಳೆಯ ಕಂಪನಿಯ ಗೆಳೆಯನಿಗೆ, ಅದೂ ಯಾರಿಗೂ ಹೇಳಬೇಡ ಎಂದು. ಶುಕ್ರವಾರಕ್ಕೆ ಆ ಮಾತು ನಮ್ಮದೇ ಫೋನಿಗೆ ಕನ್ನಡ ಸಂಘದ ವಾಟ್ಸಾಪ್ ಗುಂಪಿನಿಂದ ಬಂತು. ಬರುವಷ್ಟರಲ್ಲಿ ಮೈ ತುಂಬಿಕೊಂಡಿತ್ತು: ಖಾಡಿ ಬೋರ್ಡಿನಲ್ಲಿ ನೇರ ನೇಮಕ, ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ, ಎರಡನೇ ಶನಿವಾರ ರಜೆ, ನಮ್ಮವರೆಲ್ಲ ಲಾಭ ಪಡೆಯಿರಿ.

ಶನಿವಾರ ನಾನೂ ಹೊರಟೆ, ಮಡಚುವ ಸ್ಟೂಲ್ ಹಿಡಿದುಕೊಂಡು. ವಿಸರ್ಜನ ಘಾಟ್ ಎಂದರೆ ಗಣಪತಿಗಳನ್ನು ಮುಳುಗಿಸಲು ಖಾಡಿಯ ಅಂಚಿನಲ್ಲಿ ಕಟ್ಟಿದ ಎತ್ತರದ ಕಟ್ಟೆ. ಅದರ ಹಿಂದೆ ತಗ್ಗಿನಲ್ಲಿ ರಸ್ತೆ. ನಾವು ಹೋದಾಗಲೇ ಕಟ್ಟೆಯ ಮೇಲೆ ಸಾಲು. ಡೊಂಬಿವಲಿಯವರು, ಸಾನಪಾಡಾದವರು, ಕಲ್ಯಾಣದವರು. ಎಲ್ಲರ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಸ್ವಲ್ಪ ಹೊತ್ತಿಗೆ ಮರಾಠಿಯವರೂ ಬಂದು ನಿಲ್ಲತೊಡಗಿದರು. ಬ್ಯಾನರಿನ ಅರ್ಥ ಅವರಿಗೆ ಸರಿಯಾಗಿಯೇ ಗೊತ್ತಿತ್ತಂತೆ. ಆದರೆ ಇಷ್ಟು ಜನ ಇಸ್ತ್ರಿ ಮಾಡಿಕೊಂಡು ನಿಂತಿರುವಾಗ ತಮಗೆ ಗೊತ್ತಿರುವುದೇ ತಪ್ಪಿರಬೇಕು ಎಂದುಕೊಂಡು ಅವರೂ ಓಡಿಹೋಗಿ ಝೆರಾಕ್ಸ್ ತೆಗೆಸಿ ತಂದರು.

"ಯಮ್ಮಾ, ಪಗಾರ ಎಷ್ಟಂತ್ರೀ?" ಎಂದು ವಿಜಯಪುರದ ಕಡೆಯವನೊಬ್ಬ ನನ್ನನ್ನು ಕೇಳಿದ. ಸ್ಟೂಲಿನ ಮೇಲೆ ಕೂತವಳು ನಾನೊಬ್ಬಳೇ, ಆಫೀಸಿನವಳು ಎಂದುಕೊಂಡಿರಬೇಕು.

"ಕಾಯಿರಿ. ಸಾಹೇಬರು ಬರಲಿ" ಎಂದೆ.

ಸಾಹೇಬರು ಬಂದರು. ಹೃಷೀಕೇಶ ಸರ್ ಎಂದು ಹೆಸರು, ಭೂಗೋಳ ಕಲಿಸಿ ರಿಟೈರ್ ಆದವರು, ತಲೆಗೆ ಹುಲ್ಲಿನ ಟೋಪಿ. ಜೊತೆಗೆ ಅವರದೇ ವಯಸ್ಸಿನ ನಾಲ್ಕೈದು ಜನ. ಸಾಲನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಮೈಕ್ ಹಿಡಿದು ಮರಾಠಿಯಲ್ಲಿ, "ಹೋದ ವರ್ಷ ಏಳು ಜನ ಬಂದಿದ್ದರು, ಅದರಲ್ಲಿ ಇಬ್ಬರು ದಾರಿ ತಪ್ಪಿ ಬಂದವರು. ಈ ಖಾಡಿಯ ಮೇಲೆ ನಿಮಗೆಲ್ಲ ಇಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತಿರಲಿಲ್ಲ!" ಎಂದರು.

"ಬಹಳ ಪ್ರೀತಿ ಸರ್!" ಎಂದು ಸಾಲು ಒಂದೇ ಸ್ವರದಲ್ಲಿ ಕೂಗಿತು. ನೌಕರಿ ಕೊಡುವವರ ಮುಂದೆ ಇಲ್ಲ ಎನ್ನುವವರು ಯಾರು?

"ಹಾಗಾದರೆ ಹೇಳಿ, ಈ ನೀರು ಎಲ್ಲಿಂದ ಬರುತ್ತದೆ?"

ಇಂಟರ್ವ್ಯೂ ಶುರುವಾಯಿತು ಎಂದು ಸಾಲು ನೆಟ್ಟಗಾಯಿತು. ಒಬ್ಬ ಪೈಪಿನಿಂದ ಎಂದ. ಒಬ್ಬ ದೇವರ ದಯೆಯಿಂದ ಎಂದ. ವಸಂತ ಕೈ ಎತ್ತಿದ. ಅವನ ಹಳೆಯ ಆಫೀಸಿನ ಕಿಟಕಿ ನಾಲಾದ ಕಡೆಗಿತ್ತು, ಕೆಲಸ ಕಡಿಮೆಯಿತ್ತು. "ಏವೂರ್ ಗುಡ್ಡದಿಂದ ಸರ್. ಆಮೇಲೆ ಎಸ್ಟೇಟಿನ ಹಿಂದಿನಿಂದ, ಆಮೇಲೆ ನಮ್ಮ ಬಚ್ಚಲಿಂದ."

"ಶಾಬಾಸ್!" ಎಂದರು ಸರ್. ಹಿಂದಿನವರು ವಸಂತನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. "ಗುಡ್ಡದ ತುದಿಯಲ್ಲಿ ಒಬ್ಬ ಪಾನ್ ಉಗುಳಿದರೂ ಅದು ಇಳಿದು ಇಲ್ಲಿಗೇ ಬರುತ್ತದೆ. ಯಾವ ಯಾವ ಜಾಗದ ನೀರೆಲ್ಲ ಇಲ್ಲಿಗೆ ಬರುತ್ತದೋ ಅಷ್ಟೂ ಜಾಗ ಈ ಖಾಡಿಯದೇ ಕ್ಷೇತ್ರ. ಗುಡ್ಡ, ಎಸ್ಟೇಟ್, ನಿಮ್ಮ ಗಲ್ಲಿ, ನಿಮ್ಮ ಟೆರೇಸು. ಅಷ್ಟನ್ನೂ ನೋಡಿಕೊಳ್ಳುವವರು ಬೇಕು."

ಸಾಲಿನಲ್ಲಿ ಗುಜುಗುಜು ಎದ್ದಿತು. "ಇಷ್ಟು ದೊಡ್ಡ ಏರಿಯಾ ಆದ್ರ ಗಾಡಿ ಕೊಡ್ತಾರೇನ್ರಿ?" ಎಂದ ವಿಜಯಪುರದವ. "ಪೆಟ್ರೋಲ್ ಅಲೌನ್ಸ್ ಉಂಟಂತೆ" ಎಂದ ಇನ್ನೊಬ್ಬ, ಯಾರೂ ಹೇಳದಿದ್ದರೂ. ಟೆರೇಸು ನೋಡುವ ಪೋಸ್ಟು ತನಗೆ ಬೇಡ, ಮಂಡಿನೋವು ಎಂದ ಮೂರನೆಯವ.

ಅಷ್ಟರಲ್ಲಿ ಜಯಲತಾ ಬೆವರಿಕೊಂಡು ಬಂದಳು. ವಸಂತ ಪಾಸ್‌ಪೋರ್ಟ್ ಫೋಟೋಗಳನ್ನು ಟಿವಿಯ ಮೇಲೆ ಮರೆತು ಬಂದಿದ್ದ. "ನಿಮ್ಮ ಮುಖವನ್ನೂ ನಾನೇ ತರಬೇಕಾ?" ಎಂದು ಕೊಟ್ಟಳು. ಹಿಂದೆಯೇ ಅನಘ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಳು. ರಸ್ತೆಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು.

ಆಗ ಸರ್ ಗಡಿಯಾರ ನೋಡಿ ಖಾಡಿಯ ಕಡೆಗೆ ಕೈ ಚಾಚಿದರು. "ಮಿತ್ರರೇ, ಬಂತು! ವರ್ಷದ ಎಲ್ಲಕ್ಕಿಂತ ದೊಡ್ಡ ಭರತಿ!"

ನಾವೆಲ್ಲ ಆಫೀಸರು ಬರುವ ಜೀಪಿಗಾಗಿ ನೋಡಿದೆವು. ಬಂದದ್ದು ನೀರು. ಕೆಸರನ್ನೆಲ್ಲ ಮುಚ್ಚಿ, ಕಾಂಡ್ಲಾ ಗಿಡಗಳ ಬೇರು ಮುಚ್ಚಿ, ಗಿಡಗಳ ಸೊಂಟ ಮುಚ್ಚಿ, ಒಂದು ಶಬ್ದವಿಲ್ಲದೆ ದಪ್ಪಗೆ ಏರುತ್ತಾ ಬಂತು. ನಾಲಾದಿಂದ ಇಳಿಯುತ್ತಿದ್ದ ಗುಡ್ಡದ ನೀರು ಅದಕ್ಕೆ ಎದುರಾಗಿ ನಿಂತು, ಜಾಗ ಸಿಗದೆ ಹಿಂದಕ್ಕೆ ತಿರುಗಿ ರಸ್ತೆಗೆ ಹತ್ತಿತು. ಒಂಟಿ ಚಪ್ಪಲಿಗಳು, ಥರ್ಮಾಕೋಲು, ಹೋದ ವರ್ಷದ ತೆಂಗಿನಕಾಯಿಗಳು ಊರಿಗೆ ವಾಪಸ್ಸು ಹೊರಟವು.

ಅನಘ ತಲೆಗೆ ಕೈ ಇಟ್ಟುಕೊಂಡಳು. "ಅಜ್ಜೀ! ಭರತಿ ಮತ್ಲಬ್ ಹೈ ಟೈಡ್! ಆಪ್ನೆ ಖಾಡಿ ಬೋಲಾ ಹೀ ನಹೀ!"

ಮರಾಠಿಯಲ್ಲಿ ಭರತಿ ಎಂದರೆ ನೌಕರಿಗೆ ಸೇರಿಸಿಕೊಳ್ಳುವುದೂ ಹೌದಂತೆ, ಸಮುದ್ರ ಏರುವುದೂ ಹೌದಂತೆ. ನನ್ನನ್ನು ಎಲ್ಲರೂ ನೋಡಿದರು. ನೋಡಲಿ. ಉಡುಪಿಯ ಕಡೆ ಅಳಿವೆಬಾಗಿಲಲ್ಲಿ ಹುಟ್ಟಿದವಳು ನಾನು. ನೀರು ಏರುವುದಕ್ಕೆ ನಾವು ಭರತ ಎನ್ನುತ್ತೇವೆ. ಭರತ ಗಂಡಸು. ಇಲ್ಲಿಯವರು ಅವನಿಗೆ ಸೀರೆ ಉಡಿಸಿ ಭರತಿ ಎಂದು ನಿಲ್ಲಿಸಿದರೆ ಯಾರು ಗುರುತು ಹಿಡಿಯುತ್ತಾರೆ? ನಾನು ಓದಿದ್ದು ಸರಿಯಾಗಿಯೇ ಇತ್ತು.

ವಸಂತ ಆದರೂ ಆಸೆ ಬಿಡಲಿಲ್ಲ. "ಸರ್, ನೋಡಿಕೊಳ್ಳುವವರು ಬೇಕು ಅಂದಿರಲ್ಲ. ಪಗಾರ?"

"ಪಗಾರ?" ಸರ್ ಆ ಶಬ್ದವನ್ನು ಮೊದಲ ಸಲ ಕೇಳಿದವರ ಹಾಗೆ ನಕ್ಕರು. "ಇದು ಸೇವೆ! ವರ್ಷಕ್ಕೆ ನೂರು ರೂಪಾಯಿ ಮಾತ್ರ, ಅದೂ ನೀವೇ ಕೊಡುವುದು!"

ಸಾಲು ಮೂರು ಭಾಷೆಯಲ್ಲಿ ಬೈಯಲು ಶುರುಮಾಡಿತು. ಯಾರೋ ಟೋಪಿ ಎಳೆಯಲು ಮುಂದೆ ಹೋದರು. ಆದರೆ ಕಟ್ಟೆಯ ಮೂರು ಕಡೆಗೂ ನೀರು, ಹಿಂದಿನ ರಸ್ತೆಯಲ್ಲಿ ಮೊಣಕಾಲು ಮುಳುಗುವಷ್ಟು. ಹೊಡೆದವನು ಓಡಿಹೋಗುವುದು ಎಲ್ಲಿಗೆ? ಇಳಿತ ಶುರುವಾಗುವವರೆಗೆ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಕಟ್ಟೆಯ ಮೇಲೆ ಕೂತಿರಬೇಕು. ಅದನ್ನು ಯೋಚಿಸಿದ ಮೇಲೆ ಕೋಪ ತಾನಾಗಿ ಕೂತಿತು. ವಿಜಯಪುರದವ ಮೊದಲು ನಕ್ಕ. "ನೌಕರಿ ಕೇಳಾಕ ಬಂದ್ರ ಸಮುದ್ರಾನೇ ಕಳಸ್ಯಾರಲ್ಲೋ ಮಾರಾಯ!"

ವಸಂತ ಮಾತ್ರ ನಗಲಿಲ್ಲ. ಫೈಲನ್ನು ಎದೆಗೆ ಒತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟ. ಚೌತಿಗೆ ಮೂರೇ ದಿನ ಇತ್ತು. ಜಯಲತಾ ಅವನ ಪಕ್ಕದಲ್ಲಿ ನಿಂತಿದ್ದಳು, ಬೈಯಲಿಲ್ಲ. ಅವಳು ಬೈಯದಿದ್ದರೆ ವಿಷಯ ಮುಗಿಯಿತು ಎಂದು ಅರ್ಥ. ನನಗೂ ಆ ಕ್ಷಣ ಸ್ಟೂಲು ಚುಚ್ಚಿದ ಹಾಗಾಯಿತು.

ಅಷ್ಟು ಹೊತ್ತಿಗೆ ಸಾಲಿನ ಕೊನೆಯಿಂದ, ಮಳೆ ಇಲ್ಲದಿದ್ದರೂ ಮುಖದವರೆಗೆ ಇಳಿಸಿದ ಒಂದು ಕರಿಛತ್ರಿಯ ಕೆಳಗಿನಿಂದ, ಯಾರೋ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದರು. "ಹಾಗಾದರೆ ಎರಡನೇ ಶನಿವಾರದ ರಜೆಯೂ ಸುಳ್ಳಾ?"

ಪಿಸುಮಾತು ಇಡೀ ಘಾಟಿಗೆ ಕೇಳಿಸಿತು.

ಜಯಲತಾ ತಿರುಗಿದಳು. ಜನರನ್ನು ಸರಿಸಿಕೊಂಡು ಹೋಗಿ ಛತ್ರಿ ಎತ್ತಿದಳು. ಕೆಳಗೆ ಪ್ರೇಮನಾಥ, ಬಿಳಿ ಅಂಗಿ, ಕೈಯಲ್ಲಿ ಫೈಲು.

"ಅಣ್ಣಾ! ನೀವಾ?"

"ಎಂತ ಇಲ್ಲ. ಸುಮ್ಮನೆ. ಗಾಳಿಗೆ ಬಂದೆ."

"ವಿಠ್ಠಲವಾಡಿಯಿಂದ ಠಾಣೆಗೆ? ಮೆಟ್ರಿಕ್ ಮಾರ್ಕ್‌ಶೀಟ್ ಹಿಡ್ಕೊಂಡು ಗಾಳಿಗೆ?"

ಪ್ರೇಮನಾಥ ನನ್ನ ಕಡೆ ನೋಡಿದ, ನಾನು ಬಿಡಿಸಬಹುದೆಂದು. "ಜಲಜತ್ತೆ, ನೀವಾದರೂ ಹೇಳಿ..." ನಾನು ನೀರು ನೋಡುತ್ತಾ ಕೂತೆ. ಕೊನೆಗೆ ಅವನೇ ಬಾಯಿಬಿಟ್ಟ. "ಹೋಟೆಲ್ ಹಾಕಿದ ಮೇಲೆ ನಾನು ಒಂದು ಭಾನುವಾರ ಕಂಡಿಲ್ಲ ಜಯಾ. ಭಾನುವಾರ ಅಂದರೆ ಡಬ್ಬಲ್ ಗಿರಾಕಿ. ಮಗಳ ನಾಮಕರಣದ ದಿನವೂ ಗಲ್ಲಾದಲ್ಲೇ ಇದ್ದೆ. ವಯಸ್ಸಿನ ಮಿತಿ ಇಲ್ಲ ಅಂತ ಮೆಸೇಜಿನಲ್ಲಿತ್ತು. ಸರ್ಕಾರಿ ಕುರ್ಚಿಯಲ್ಲಿ ಒಂದು ನಾಲ್ಕು ವರ್ಷ ಕೂತು ನಿದ್ದೆ ಮಾಡುವ ಅಂತ."

"ಮತ್ತೆ ಇವರನ್ನು ಗಲ್ಲಾಕ್ಕೆ ಕಳಿಸು ಕಳಿಸು ಅಂದದ್ದು?"

"ಯಾರಾದರೂ ಕೂತರಲ್ಲವಾ ನಾನು ಏಳುವುದು?"

ವಸಂತ ಮೆಟ್ಟಿಲಿನಿಂದ ತಲೆ ಎತ್ತಿದ. ಇಷ್ಟು ತಿಂಗಳು ಅವನು ಹೆದರಿದ್ದ ಆ ಗಲ್ಲಾದಿಂದ ಭಾವನೇ ಓಡಿಬಂದು ತನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ. "ಭಾವ, ನಿಮಗಿಂತ ಮುಂದೆ ನನ್ನ ನಂಬರ್ ಇತ್ತು" ಎಂದ. ಎಷ್ಟೋ ಕಾಲದ ಮೇಲೆ ಅವನು ಭಾವನ ಹತ್ತಿರ ನೇರವಾಗಿ ಆಡಿದ ಮಾತು ಅದು.

ಜಯಲತಾ ಗಂಡನನ್ನೂ ಅಣ್ಣನನ್ನೂ ಅವರ ಫೈಲುಗಳನ್ನೂ ನೋಡಿದಳು. "ನಾನೇ ಕೂರ್ತೇನೆ" ಎಂದಳು.

"ಎಲ್ಲಿ?"

"ಗಲ್ಲಾದಲ್ಲಿ."

"ಹೆಂಗಸರು ಗಲ್ಲಾದಲ್ಲಿ..." ಎಂದು ಪ್ರೇಮನಾಥ ಶುರುಮಾಡಿದ.

"ಗಂಡಸರನ್ನು ನೋಡಿ ಆಯ್ತಲ್ಲ. ಒಬ್ಬರು ಸೋಫಾದಲ್ಲಿ, ಒಬ್ಬರು ಛತ್ರಿಯ ಕೆಳಗೆ. ಸಂಬಳ ತಿಂಗಳ ಮೊದಲ ತಾರೀಕಿಗೆ ಬೇಕು ಅಣ್ಣಾ, ತಂಗಿ ಅಂತ ಹಬ್ಬಕ್ಕೊಂದು ಸೀರೆ ಕೊಟ್ಟು ಮುಗಿಸುವುದಲ್ಲ. ಮತ್ತೆ ನನ್ನನ್ನು 'ಏ ಜಯಾ, ಚಿಲ್ಲರೆ' ಅಂತ ಕರೆದರೆ ಗಲ್ಲಾದ ಕೀಲಿಯನ್ನು ಈ ಖಾಡಿಗೇ ಬಿಸಾಡ್ತೇನೆ."

"ಖಾಡಿಗೆ ಏನೂ ಬಿಸಾಡಬಾರದು!" ಎಂದು ಹೃಷೀಕೇಶ ಸರ್ ದೂರದಿಂದ ಮೈಕಿನಲ್ಲಿ ಕೂಗಿದರು. ಬಿಸಾಡುವ ಮಾತು ಯಾವ ಭಾಷೆಯಲ್ಲಿ ಬಂದರೂ ಅವರಿಗೆ ಅರ್ಥವಾಗುತ್ತದೆ ಎಂದು ಕಾಣುತ್ತದೆ.

ನೀರು ಇಳಿಯುವುದಕ್ಕೆ ಸಂಜೆಯಾಯಿತು. ಮಂಡಳದವರು ತಂದ ವಡಾಪಾವನ್ನು ನಾಲ್ಕು ಜನರಿಗೆ ಒಂದರಂತೆ ಹರಿದು ಹಂಚಿದರು. ಸರ್ ಉಳಿದ ಭಾಷಣವನ್ನೂ ಮುಗಿಸಿದರು. ಹೇಗೂ ಎದ್ದು ಹೋಗುವ ಹಾಗಿರಲಿಲ್ಲ. ಮೂವತ್ತು ಜನ ನೂರು ರೂಪಾಯಿ ಕೊಟ್ಟು ಸದಸ್ಯರಾದರಂತೆ. ಝೆರಾಕ್ಸ್ ತಂದಾಗಿದೆ, ಎಲ್ಲಿಯಾದರೂ ಕೊಟ್ಟು ಹೋಗೋಣ ಎಂದು.

ಚೌತಿಯ ಮರುದಿನ ಮೊದಲ ಲೋಕಲ್ಲಿಗೆ ಜಯಲತಾ ಹೋದಳು. ವಸಂತ ಎದ್ದು ಚಪಾತಿ ಲಟ್ಟಿಸಿ ಡಬ್ಬಿ ಕಟ್ಟಿಕೊಟ್ಟ. ಚಪಾತಿಗಳು ಏವೂರ್ ಗುಡ್ಡದ ನಕ್ಷೆಯ ಹಾಗಿದ್ದವು. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಕೂತ ಮೇಲೆ ಗಲ್ಲಾದ ಮುಂದೆ ಹಲ್ಲುಕಡ್ಡಿಯನ್ನು ಮುಷ್ಟಿಯಲ್ಲಿ ತೆಗೆಯುವುದನ್ನು ಗಿರಾಕಿಗಳು ಬಿಟ್ಟರಂತೆ. ವಸಂತ ಅರ್ಜಿ ಹಾಕುವುದನ್ನು ಬಿಟ್ಟಿಲ್ಲ. ಈಗ ಮಾತ್ರ ಅವಸರವಿಲ್ಲ, ಅದಕ್ಕೇ ಚೆನ್ನಾಗಿ ಬರೆಯುತ್ತಾನೆ.

ಮೊದಲ ಭಾನುವಾರ ಬೆಳಿಗ್ಗೆ ಪ್ರೇಮನಾಥ ನಮ್ಮ ಮನೆಗೆ ಬಂದ. ಸ್ನಾನವಾಗಿತ್ತು, ಅಂಗಿಗೆ ಇಸ್ತ್ರಿ ಆಗಿತ್ತು. ಬಾಗಿಲಲ್ಲೇ ನಿಂತ. ಕೈಯನ್ನು ಎಲ್ಲಿ ಇಡುವುದೆಂದು ಗೊತ್ತಾಗದೆ ಒಮ್ಮೆ ಜೇಬಿಗೆ ಹಾಕಿದ, ಒಮ್ಮೆ ಬೆನ್ನ ಹಿಂದೆ ಕಟ್ಟಿದ. ಎರಡು ಸಲ ಹೋಟೆಲಿಗೆ ಫೋನ್ ಮಾಡಿದ. ಎರಡು ಸಲವೂ ಜಯಲತಾ, "ಅಣ್ಣಾ, ನಿಮಗೆ ರಜೆ" ಎಂದು ಇಟ್ಟುಬಿಟ್ಟಳು.

"ವಸಂತಾ" ಎಂದ ಅವನು, ಜನ್ಮದಲ್ಲಿ ಮೊದಲ ಸಲ ಸಣ್ಣ ಸ್ವರದಲ್ಲಿ, "ಎಂಟು ಗಂಟೆಗೇ ಎಲ್ಲ ಮುಗಿಯಿತು ಮಾರಾಯ. ಈ ರಜೆಯಲ್ಲಿ ಎಂತ ಮಾಡುವುದು?"

ವಸಂತ ಸೋಫಾದ ಮೇಲೆ ಸರಿದು ಜಾಗ ಮಾಡಿಕೊಟ್ಟ.

"ಕೂತುಕೊಳ್ಳಿ ಭಾವ. ಮೊದಮೊದಲು ಕಷ್ಟ ಆಗ್ತದೆ. ನಾನು ಕಲಿಸ್ತೇನೆ."